ಕೆಮ್ಮಿಗೆಂದು ಕೊಟ್ಟದ್ದು

ಅವರ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಕಾರು ಚಾಲೂ ಮಾಡಲು ಮುಂದೆ ಹ್ಯಾಂಡಲ್ ಹಾಕಿ ತಿರುಗಿಸುವಾಗ ಅದು ಹಿಂದಕ್ಕೆ ಹೊಡೆದು ಮುರಿದದ್ದಂತೆ. ಆ ಬೆಳಿಗ್ಗೆಯೂ ನಮ್ಮ ಡ್ರೈವರಣ್ಣ ಎಂದಿನಂತೆ ಗಾಜು ಒರೆಸಿ, ನೀರು ತುಂಬಿ, ನಾಲ್ಕೂ ಚಕ್ರಗಳನ್ನು ಒದ್ದು ನೋಡಿದರು. ನಡುನಡುವೆ ಕೆಮ್ಮುತ್ತಿದ್ದರು.

ಜಾವಳಿ ಹತ್ತಿರದ ಎಸ್ಟೇಟಿಗೆ ನಾನು ಸೊಸೆಯಾಗಿ ಬಂದು ವರ್ಷವಾಗಿತ್ತು. ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್. ತಿಂಗಳಿಗೊಮ್ಮೆ ಚಿಕ್ಕಮಗಳೂರಿನ ತವರಿಗೆ ಕರೆದೊಯ್ಯುತ್ತಿದ್ದವರು ಅವರೇ. ಪ್ರತಿ ತಿರುವಿಗೂ ಮುಂಚೆ ಹಾರನ್ ಒತ್ತುತ್ತಿದ್ದರು. 'ಬರೋರಿಗೆ ನಾವಿದೀವಿ ಅಂತ ಗೊತ್ತಾಗ್ಲಿ ಸಣ್ಣಮ್ಮ' ಎನ್ನುತ್ತಿದ್ದರು. ವಾಪಸು ಬರುವಾಗ ನಾನು ಅತ್ತರೆ ತಿರುಗಿ ನೋಡುತ್ತಿರಲಿಲ್ಲ. ಗಾಡಿ ಮಾತ್ರ ನಿಧಾನವಾಗುತ್ತಿತ್ತು.

ಒಮ್ಮೆ ಆಲ್ದೂರಿನ ಮದುವೆಮನೆಯಲ್ಲಿ ಯಾರೋ ಬಲವಂತದಿಂದ ಅವರಿಗೆ ಒಂದು ಲೋಟ ಸಾರಾಯಿ ಕುಡಿಸಿದ್ದರು. ಹೊರಡುವ ಹೊತ್ತಿಗೆ ಅವರು ಕೀಲಿಯನ್ನು ಮಾವನವರ ಮುಂದಿಟ್ಟು, 'ನಾಳೆ ಹೋಗೋಣ' ಅಂದರು.

'ಸರಿಯಾಗೇ ಇದೀಯಲ್ಲೋ ಮಾರಾಯ!' ಮಾವ ರೇಗಿದರು.

'ನಂಗೂ ಹಾಗೇ ಅನ್ನಿಸ್ತಿದೆ ಅಯ್ಯಾ. ಅದಕ್ಕೇ ಹೆದರಿಕೆ.'

ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ.

ತವರಿಗೆ ಹೊರಟಿದ್ದ ಆ ಬೆಳಿಗ್ಗೆ ಅವರ ಕೆಮ್ಮು ಕೇಳಲಾರದೆ, ಕಾನ್ವೆಂಟ್ ಹಾಸ್ಟೆಲಿನಲ್ಲಿ ಸಿಸ್ಟರ್ ಮಾಡಿಕೊಡುತ್ತಿದ್ದಂತೆ ಬಿಸಿನೀರು, ಜೇನು, ಬ್ರಾಂದಿ ಬೆರೆಸಿದೆ. ಸಿಸ್ಟರ್ ಹಾಕುತ್ತಿದ್ದುದು ಒಂದು ಚಮಚ. ನಾನು ಅಂದಾಜಿನಲ್ಲಿ ಅರ್ಧ ಲೋಟ ಸುರಿದೆ. ವಾಸನೆ ನೋಡಿ ಅವರು, 'ಗಾಡಿ ಇದೆಯಲ್ಲಮ್ಮ' ಅಂದರು.

'ಇದು ಔಷಧಿ ಡ್ರೈವರಣ್ಣ. ನನ್ನ ಮೇಲೆ ನಂಬಿಕೆ ಇಲ್ವಾ?'

ಕುಡಿದರು.

ಮೂಡಿಗೆರೆ ದಾಟುವಷ್ಟರಲ್ಲಿ ಕೆಮ್ಮು ನಿಂತಿತ್ತು. ಎಂದೂ ಇಲ್ಲದೆ ಹಾಡು ಗುನುಗಿದರು, ಹಿಂದಕ್ಕೆ ತಿರುಗಿ ಮಾತಾಡಿದರು. ಎರಡು ತಿರುವುಗಳಲ್ಲಿ ಹಾರನ್ ಕೇಳಿಸಲಿಲ್ಲ. ಗುಣವಾಯಿತೆಂದು ನಾನು ಹಿಗ್ಗಿದೆ. ಮುಂದಿನ ತಿರುವಿನಲ್ಲಿ ಎತ್ತಿನಗಾಡಿ. ನಾನು ಕಂಡು, ಕಿರುಚಿ, ಸೀಟು ಹಿಡಿದುಕೊಂಡ ಮೇಲೆ ಅವರ ಕಾಲು ಬ್ರೇಕಿಗೆ ಹೋಯಿತು. ಕಾರು ಮರಕ್ಕೆ ಬಡಿಯಿತು, ಅವರ ಕಡೆಯಿಂದ. ನನಗೆ ಹಣೆಯ ಮೇಲೊಂದು ಗೀರು. ಅವರು ಆಸ್ಪತ್ರೆ ಮುಟ್ಟಲಿಲ್ಲ.

ಆ ಲೋಟದ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಅವರ ಹೆಂಡತಿಗೂ. ಅವರ ಒಳ್ಳೆಯ ಹೆಸರನ್ನು ಹಿಂತಿರುಗಿಸಲು ನನ್ನಲ್ಲಿರುವುದು ಈ ಬರಹವೊಂದೇ.

ಆ ಸಂಜೆಯೇ ಹೇಳಬಹುದಿತ್ತು. ಪಕ್ಕದ ಎಸ್ಟೇಟಿನ ಅಮ್ಮ ಬಂದು ಅತ್ತೆಯ ಜೊತೆ ಕೂತಿದ್ದರು. ನಾನು ಕಾಫಿ ಕೊಟ್ಟು, ಹೇಳಬೇಕೆಂದೇ ಅಲ್ಲಿ ನಿಂತೆ. ಆ ಅಮ್ಮ ಒಂದು ಗುಟುಕು ಕುಡಿದು ಅಂದರು:

'ಬಾಯಿ ವಾಸನೆ ಹೊಡೀತಿತ್ತಂತೆ ಕಣ್ರೀ. ಕುಡಿದು ಗಾಡಿ ಮುಟ್ಟಲ್ಲ ಅಂತ ಏನು ಜಂಬ ಕೊಚ್ಕೊಳ್ತಿದ್ದ! ಎಲ್ಲಾ ಬರೀ ಬಾಯಿಮಾತು... ಇದಕ್ಕೊಂಚೂರು ಸಕ್ಕರೆ ಹಾಕಮ್ಮ.'