ಪೇಪರ್ ಓದಬೇಡಿ ಅಂದಿದ್ದರು ಜಡ್ಜಿ ಸಾಹೇಬರು

ಜ್ಯೂರಿಗೆ ಬರಬೇಕು ಅಂತ ಕೋರ್ಟಿಂದ ಕರೆ ಬಂದ ದಿನದಿಂದ ನಮ್ಮ ಮಾವನವರ ನಡಿಗೆಯೇ ಬದಲಾಗಿಹೋಯ್ತು. ಐವತ್ತರ ದಶಕದ ಮಾತು. ಆಗ ಕೊಲೆ ಕೇಸುಗಳಲ್ಲಿ ಊರಿನ ಒಂದಷ್ಟು ಮರ್ಯಾದಸ್ಥರನ್ನ ಕೂಡಿಸಿ, ವಾದವೆಲ್ಲ ಕೇಳಿಸಿ, ಅಪರಾಧಿ ಹೌದೋ ಅಲ್ಲವೋ ನೀವೇ ಹೇಳಿ ಅನ್ನೋ ಪದ್ಧತಿ ಇತ್ತು. ನಮ್ಮ ಮಾವ ಮರ್ಯಾದಸ್ಥರಾಗಿದ್ದು ಹೇಗೆ ಅಂದರೆ, ರಾಗಿ ಹೊಲ ಹೋಗಿ ರಾಜಾಜಿನಗರ ಬಂತು. ಹೊಲಕ್ಕೆ ಸಿಕ್ಕ ದುಡ್ಡಲ್ಲಿ ಎರಡು ಮನೆ ಕಟ್ಟಿಸಿದರು, ಒಂದರಲ್ಲಿ ನಾವು, ಇನ್ನೊಂದರಲ್ಲಿ ಬಾಡಿಗೆಯವರು. ಅಷ್ಟಕ್ಕೇ ಸರಿಗೆ ಪೇಟ, ಕರೀ ಕೋಟು. ಹಸುವಿಗೆ ಹುಲ್ಲು ಹಾಕೋವಾಗಲೂ ಗಂಟಲು ಸರಿಮಾಡಿಕೊಂಡು ಹಾಕೋರು.

ಕೇಸು ಏನಪ್ಪಾ ಅಂದರೆ, ಒಬ್ಬ ಹೆಂಗಸು ಗಂಡನಿಗೆ ಅವರೆಕಾಳು ಸಾರಲ್ಲಿ ವಿಷ ಹಾಕಿದಳು ಅಂತ. ಆ ಮನುಷ್ಯ ಮುದ್ದೆ ಉಂಡು ಮಲಗಿದ್ದ, ಬೆಳಗಾಗೋ ಹೊತ್ತಿಗೆ ಹೋಗಿಬಿಟ್ಟಿದ್ದ. ಈಗ ಅವಳು ನೇಣಿಗೆ ಹೋಗ್ತಾಳೋ ಮನೆಗೆ ಬರ್ತಾಳೋ ಅನ್ನೋದು ನಮ್ಮ ಮಾವನಂಥ ಮಹಾನುಭಾವರ ಕೈಲಿತ್ತು. ಅಲ್ಲೀವರೆಗೆ ಕಾಯೋಕೆ ಪೇಪರಿನವರಿಗೆ ಪುರುಸೊತ್ತೆಲ್ಲಿ? ಕೋರ್ಟು ಶುರುವಾಗೋ ಮುಂಚೆಯೇ ಅವಳಿಗೆ ‘ವಿಷಕನ್ಯೆ’ ಅಂತ ನಾಮಕರಣ ಮುಗಿಸಿದ್ದರು. ಅವಳು ಅತ್ತರೆ ಮೊಸಳೆ ಕಣ್ಣೀರು, ಅಳದಿದ್ದರೆ ಕಲ್ಲೆದೆ, ಕಟಕಟೆಯಲ್ಲಿ ನಿಂತು ಕುಡಿಯೋಕೆ ನೀರು ಕೇಳಿದರೆ ಕೊಬ್ಬು. ಒಂದು ಚಿತ್ರಾನೂ ಹಾಕಿದ್ದರು. ಅದರಲ್ಲಿ ಮುಖ ಯಾವುದು, ಸೆರಗು ಯಾವುದು, ಆ ದೇವರೇ ಹೇಳಬೇಕು. ನಮ್ಮತ್ತೆ ಅದನ್ನೇ ಬೆಳಕಿಗೆ ಹಿಡಿದು, “ಆ ಕಣ್ಣು ನೋಡೇ, ಕಣ್ಣಲ್ಲೇ ಗೊತ್ತಾಗುತ್ತೆ” ಅಂದರು.

ಮೊದಲನೇ ದಿನವೇ ಜಡ್ಜಿ ಸಾಹೇಬರು ಜ್ಯೂರಿಯವರಿಗೆಲ್ಲ ಕಟ್ಟುನಿಟ್ಟಾಗಿ ಹೇಳಿದರಂತೆ: ಕೇಸು ಮುಗಿಯೋವರೆಗೂ ಇದರ ಸುದ್ದಿಯನ್ನ ಪೇಪರಲ್ಲಿ ಓದಕೂಡದು. ಮಾವ ಮನೆಗೆ ಬಂದವರೇ ಕನ್ನಡಕ ತೆಗೆದು ಗೂಡಲ್ಲಿಟ್ಟರು. “ಕಾನೂನು ಅಂದರೆ ಕಾನೂನು ಕಣಮ್ಮ” ಅಂದರು. ನನಗೆ ನಿಜವಾಗಲೂ ಗೌರವ ಬಂತು. ಕಾಫಿ ಕುಡಿದು ಮುಗಿಸಿ, ಆರಾಮ ಕುರ್ಚಿಯಲ್ಲಿ ಒರಗಿ, “ಹ್ಞೂಂ, ಇನ್ನು ನೀನು ಓದು, ನಾನು ಕೇಳ್ತೀನಿ. ಓದಬೇಡಿ ಅಂದಿದ್ದಾರೆ, ಕಿವಿ ಮುಚ್ಕೊಳ್ಳಿ ಅಂದಿಲ್ವಲ್ಲ” ಅಂದರು. ಬಂದ ಗೌರವ ಬಂದ ದಾರೀಲೇ ವಾಪಸ್ ಹೋಯ್ತು.

ಹೀಗೆ ದಿನಾ ಸಂಜೆ ನಾನು ಓದೋದು, ಮಾವ ಕಣ್ಣು ಮುಚ್ಚಿ ತಲೆ ಆಡಿಸೋದು. ಪೇಪರಿನವನು ಬರೆದಷ್ಟೂ ಮಾವನ ಮನಸ್ಸು ಗಟ್ಟಿಯಾಗ್ತಾ ಬಂತು. “ಇವಳು ಉಳಿಯಲ್ಲ ಬಿಡು” ಅನ್ನೋರು. ಕೋರ್ಟಲ್ಲಿ ದಿನವಿಡೀ ಕೂತು ಕೇಳಿದ್ದು ಯಾವ ಕಿವೀಲಿ ಹೋಯ್ತೋ, ನಾನು ಓದಿದ್ದೇ ವೇದವಾಕ್ಯ.

ಒಂದು ಸಂಜೆ ದಪ್ಪಕ್ಷರದಲ್ಲಿ ಹೀಗಿತ್ತು: ‘ಗಂಡ ಉಂಡೆದ್ದ ಕೂಡಲೇ ಪಾತ್ರೆಗಳನ್ನು ತಿಕ್ಕಿ ತೊಳೆದಳು! ಸಾಕ್ಷ್ಯವನ್ನೇ ತೊಳೆದ ಚತುರೆ!’ ನನಗೆ ಮೈಯೆಲ್ಲ ಉರಿದುಹೋಯ್ತು. ಅಲ್ಲಾ, ಇದನ್ನ ಬರೆದ ಪುಣ್ಯಾತ್ಮನ ಮನೇಲಿ ಎಂಜಲು ಪಾತ್ರೆ ಹಾಗೇ ಬಿಟ್ಟು ಮಲಗ್ತಾರಾ? ಅವನು ಬೆಳಿಗ್ಗೆ ಎದ್ದು ಊಟ ಮಾಡೋ ತಟ್ಟೆಯನ್ನ ಯಾರು ತೊಳೆದಿಟ್ಟಿರ್ತಾರೆ? ಒಲೆ ಬೂದಿ, ತೆಂಗಿನ ನಾರು ಹಿಡಿದು ನಾನೂ ದಿನಾ ರಾತ್ರಿ ಅದನ್ನೇ ಮಾಡ್ತೀನಿ. ನಾಳೆ ನಮ್ಮೆಜಮಾನರಿಗೆ ಏನಾದರೂ ಹೆಚ್ಚುಕಮ್ಮಿಯಾದರೆ ನಾನೂ ಚತುರೆಯೇ. ಅದೇ ಪುಟದ ಕೆಳಗೆ, ತಲೆಗೂದಲೆಣ್ಣೆ ಜಾಹೀರಾತಿನ ಪಕ್ಕ ಇರುವೆಯಂಥ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಸತ್ತವನಿಗೆ ಹೊಟ್ಟೆಹುಣ್ಣು ಬಹಳ ಕಾಲದಿಂದ ಇತ್ತು, ವಿಷವೇ ಅಂತ ಹೇಳೋಕೆ ಆಗಲ್ಲ ಅಂತ ಡಾಕ್ಟರು ಸಾಕ್ಷಿ ಹೇಳಿದ್ದರು.

ನಾನು ಡಾಕ್ಟರ ಸಾಲನ್ನ ದಪ್ಪಕ್ಷರದ ಹಾಗೆ ಗಟ್ಟಿಯಾಗಿ ಓದಿದೆ. ಪಾತ್ರೆಯ ಸುದ್ದೀನ ಓದಿ ಮುಗಿಸಿ, ಉಸಿರು ತಗೊಳ್ಳದೆ ನನ್ನದೊಂದು ಸಾಲು ಸೇರಿಸಿದೆ: “ಪಾತ್ರೆ ತೊಳೆಯುವುದು ಗೃಹಿಣಿಯರ ನಿತ್ಯದ ಕೆಲಸವಾದ್ದರಿಂದ ಇದರಲ್ಲಿ ವಿಶೇಷವೇನೂ ಇಲ್ಲವೆಂದು ಬಲ್ಲವರ ಅಭಿಪ್ರಾಯ.”

ಮಾವ ಕಣ್ಣು ಬಿಟ್ಟರು. “ಹಾಗಂತ ಬರೆದಿದ್ದಾರಾ?”

“ಹ್ಞೂಂ ಮಾವ, ಬಲ್ಲವರ ಅಭಿಪ್ರಾಯ.”

“ಪೇಪರಲ್ಲೇ ಬಂದಿದೆ ಅಂದಮೇಲೆ ಯೋಚನೆ ಮಾಡಬೇಕಾದ್ದೇ” ಅಂದರು. ಇದೇ ಮಾತನ್ನ ನಾನು ಸೊಸೆಯಾಗಿ ಹೇಳಿದ್ದರೆ, “ನಿನಗೇನು ಗೊತ್ತು, ಒಳಗೆ ಹೋಗು” ಅನ್ನೋರು. ಆಮೇಲೆ ದಿನಾ ಬಲ್ಲವರು ಒಂದೊಂದು ಅಭಿಪ್ರಾಯ ಕೊಡ್ತಾ ಬಂದರು. ಇವತ್ತಿಗೂ ನನಗೆ ಅದರ ಬಗ್ಗೆ ಒಂದಿಷ್ಟೂ ಬೇಜಾರಿಲ್ಲ.

ಜ್ಯೂರಿಯವರು ಒಳಗೆ ಕೂತು ಮಾತಾಡೋವಾಗ ಮಾವ ಎದ್ದು ನಿಂತು, “ಸ್ವಾಮಿ, ನಿಮ್ಮನಿಮ್ಮ ಮನೇಲಿ ಪಾತ್ರೆ ತೊಳೆಯಲ್ವಾ?” ಅಂತ ಕೇಳಿದರಂತೆ. ಬಹುಮತದ ಮೇಲೆ ಅಪರಾಧಿಯಲ್ಲ ಅಂತಾಯ್ತು, ಜಡ್ಜಿ ಸಾಹೇಬರೂ ಒಪ್ಪಿಕೊಂಡರು. ಮಾರನೇ ದಿನ ಅದೇ ಪೇಪರಲ್ಲಿ ವಿಷಕನ್ಯೆ ಹೋಗಿ ‘ಅಬಲೆಗೆ ನ್ಯಾಯ’ ಬಂತು. ಚಿತ್ರ ಮಾತ್ರ ಹಳೇದೇ. “ನೋಡಿದ್ಯಾ, ಪೇಪರಿನವರೂ ನನ್ನ ದಾರಿಗೆ ಬಂದರು” ಅಂತ ಮಾವ ಮೀಸೆ ತಿರುವಿದರು.

ಆ ಹೆಂಗಸು ಮಾರೇನಹಳ್ಳಿಯಲ್ಲಿದ್ದ ತಮ್ಮನ ಮನೆ ಸೇರಿಕೊಂಡಳು. ಸ್ವಲ್ಪ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ತಮ್ಮನ ಜೊತೆ ನಮ್ಮನೆಗೇ ಬಂದಳು, ಮಾವನಿಗೆ ಕೈ ಮುಗಿದು ಹೋಗೋಕೆ. ಬರಿಗೈಲಿ ಹೇಗೆ ಬರ್ತಾಳೆ? ಒಂದು ಡಬ್ಬಿ ತುಂಬ ಕಜ್ಜಾಯ ಮಾಡಿಕೊಂಡು ಬಂದಿದ್ದಳು. ಯಾರೂ ಕೇಳದೇನೇ ಡಬ್ಬಿ ಮುಚ್ಚಳ ತೆಗೆದು, ಮೇಲಿನದೊಂದನ್ನ ಎತ್ತಿ, ನಮ್ಮೆಲ್ಲರ ಎದುರಿಗೆ ತಾನು ತಿಂದಳು. ಆಮೇಲೆ ಡಬ್ಬಿ ಮುಂದಿಟ್ಟಳು.

“ಈಗಷ್ಟೇ ಊಟ ಆಯ್ತಮ್ಮ” ಅಂದರು ಮಾವ. ಅಕ್ಕ ತಮ್ಮ ಗೇಟು ದಾಟಿದ ತಕ್ಷಣ, “ಹಿತ್ತಲಲ್ಲಿ ಗುಂಡಿ ತೆಗೆದು ಹಾಕಿಬಿಡಮ್ಮ” ಅಂದರು. ಹಸುವಿಗಾದರೂ ಹಾಕ್ತೀನಿ ಅಂದೆ. “ಅಯ್ಯೋ ಬೇಡ, ಹಸು ಗಬ್ಬ ಆಗಿದೆ” ಅಂತ ಅತ್ತೆ ಅಡ್ಡ ಬಂದರು. ನಾನು ಗಬ್ಬವಿರಲಿಲ್ಲವಲ್ಲ, ಅಲ್ಲೇ ಕೂತು ತಿಂದೆ. ಬೆಲ್ಲ ಒಂದು ಚೂರು ಮುಂದಾಗಿತ್ತು, ಮಿಕ್ಕಿದ್ದೆಲ್ಲ ಹದವಾಗಿತ್ತು. ಅತ್ತೆ ಹೋಗ್ತಾ ಬರ್ತಾ ನನ್ನ ಮುಖ ನೋಡೋರು, ನಾಲಿಗೆ ತೋರಿಸು ಅನ್ನೋರು. ದೀಪ ಹಚ್ಚೋ ಹೊತ್ತಿಗೆ ನಾನಿನ್ನೂ ನೆಟ್ಟಗೆ ಓಡಾಡ್ತಿದ್ದದ್ದು ನೋಡಿ, ಮಾವ ಅಡುಗೆಮನೆ ಬಾಗಿಲಿಗೆ ಬಂದು, “ಉಳಿದಿದ್ಯೇನಮ್ಮ?” ಅಂದರು. ಒಂದಾದ ಮೇಲೊಂದು ಮೂರು ತಿಂದು ಬೆರಳು ಚೀಪಿಕೊಂಡರು.

ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅದಕ್ಕೆ ಸಕ್ಕರೆ ತುಂಬಿಕೊಂಡು ಮಾರನೇ ದಿನ ಮಾರೇನಹಳ್ಳಿಗೆ ಹೋದೆ. ಅವಳು ಬಾಗಿಲಲ್ಲೇ ಕೇಳಿದಳು:

“ದೊಡ್ಡ ಯಜಮಾನರು ತಿಂದ್ರಾ ಅಕ್ಕಾ?”

“ಮೂರು ತಿಂದರು” ಅಂದೆ. ನಿಜಾನೇ ಹೇಳಿದ್ದು.

“ಎಷ್ಟೊತ್ತಲ್ಲಿ?”

“ಸಂಜೆ.”

“ಹಾಗಾದ್ರೆ ನೀವು ಮಧ್ಯಾಹ್ನವೇ ತಿಂದಿದ್ರಿ ಅನ್ನಿ” ಅಂದು ಡಬ್ಬಿ ತಗೊಂಡು ಒಳಗೆ ಹೋದಳು.