ರುಮಾಲು ತೆಗೆಸಿದವನು

ರಾಚಪ್ಪನವರೇ, ನಮ್ಮ ಬಣವೆಗೆ ಬೆಂಕಿಯಿಟ್ಟವರು ನೀವೆಂದು ನಾನು ಗುರುತು ಹಿಡಿಯಲಿಲ್ಲ. ಸಾಲಿನಲ್ಲಿ ನಿಂತ ಮುದುಕರಲ್ಲಿ ನಿಮ್ಮನ್ನು ಆರಿಸಿಕೊಂಡೆ. ಎರಡಕ್ಕೂ ಎಷ್ಟು ಅಂತರವೆಂದು ಅಂದೇ ನನಗೆ ಗೊತ್ತಿತ್ತು—ಗೊತ್ತಿದ್ದೇ ಬೆರಳು ತೋರಿಸಿದೆ.

ಹತ್ತು ವರ್ಷವಾಯಿತು. ನಾನಾಗ ಪುಣೆಯಲ್ಲಿ ಬಿ.ಎ. ಮುಗಿಸಿ ಮಾಸೂರಿಗೆ ಮರಳಿದ್ದೆ. ಅದರ ಹಿಂದಿನ ವರ್ಷ ಕೆರೆನೀರಿನ ಪಾಳಿಗಾಗಿ ಜಗಳವಾಗಿ, ನೀವು ಕೂಲಿಯವರ ಎದುರು ನನ್ನ ಅಪ್ಪನ ಕೆನ್ನೆಗೆ ಹೊಡೆದಿದ್ದಿರಿ. ಅವನ ತಲೆಯ ರುಮಾಲು ಕಾಲುವೆಯ ಕೆಸರಿಗೆ ಬಿತ್ತು. ಆಮೇಲೆ ಅಪ್ಪ ಚಾವಡಿಯ ಕಡೆ ಕಾಲಿಡಲಿಲ್ಲ, ಬೇಸಿಗೆಯೊಳಗೆ ತೀರಿಕೊಂಡ. ಆ ಹೊಡೆತದಿಂದಲೇ ಸತ್ತನೆಂದು ಹೇಳಲಾರೆ. ಆದರೆ ಹಾಗೆ ನಂಬುವುದು ನನಗೆ ಬೇಕಾಗಿತ್ತು.

ಬಣವೆ ಉರಿದದ್ದು ಬೆಳಕು ಹರಿದ ಮೇಲೆ. ನಾನೂ, ಅಪ್ಪನ ತಾಯಿ ಗಂಗವ್ವಜ್ಜಿಯೂ ಹಿತ್ತಲಲ್ಲಿದ್ದೆವು. ಮುದುಕನೊಬ್ಬ ನಮ್ಮೆದುರೇ ಬೇಲಿ ದಾಟಿ ಓಡಿದ. ನಾನು ಕಂಡದ್ದೇನು? ರುಮಾಲು, ಬಿಳಿ ಮೀಸೆ, ಕಂಬಳಿ. ಮುಖ—ಇಲ್ಲ. ಆ ವಯಸ್ಸಿನಲ್ಲಿ ನನಗೆ ಮುದುಕರೆಲ್ಲ ಒಬ್ಬನೇ ಮುದುಕ.

ಪೊಲೀಸ್ ಫೌಜದಾರರು ನಿಮ್ಮನ್ನೂ ಇನ್ನೂ ನಾಲ್ವರು ಹಿರಿಯರನ್ನೂ ಚಾವಡಿಯಲ್ಲಿ ಸಾಲಾಗಿ ನಿಲ್ಲಿಸಿ, ಗುರುತು ಹಿಡಿಯಲು ನನ್ನನ್ನೂ ಅಜ್ಜಿಯನ್ನೂ ಕರೆಸಿದರು. ನಾನೇ ಬಾಯಿ ಹಾಕಿದೆ.

"ರುಮಾಲು ತಗಸ್ರಿ ಸಾಹೇಬ್ರ. ಅದನ್ನ ಸುತ್ತಿಕೊಂಡ್ರ ಎಲ್ಲಾರೂ ಒಂದ ನಮೂನಿ ಕಾಣ್ತಾರ."

ಕಲಿತವನ ಎಚ್ಚರಿಕೆಯೆಂದು ಅವರು ತಲೆದೂಗಿದರು. ಎಚ್ಚರಿಕೆಯಲ್ಲ ಅದು. ಮನೆಯ ಹೊರಗೆ ಯಾರೂ ಕಾಣದ ನಿಮ್ಮ ಬರಿದಲೆಯನ್ನು ಊರಿಗೆಲ್ಲ ತೋರಿಸಬೇಕಾಗಿತ್ತು. ನೀವು ಸುತ್ತು ಬಿಚ್ಚಿದಾಗ ಜನ ಮುಖ ತಿರುಗಿಸಿದರು. ನಾನು ತಿರುಗಿಸಲಿಲ್ಲ.

"ಇವರ ನೋಡ್ರಿ," ಎಂದೆ.

"ಇಂವಲ್ಲೋ ಯಪ್ಪಾ!" ಅಜ್ಜಿ ಎದ್ದು ನಿಂತಳು. "ಆ ಮುದುಕನ ಗಲ್ಲ ಒಳಗ ಹೋಗಿದ್ವು, ಒಂದು ಹುಬ್ಬು ಜೋತು ಬಿದ್ದಿತ್ತು. ಈ ರಾಚ್ಯಾ ನನ್ನ ಮಗನ್ನ ಹೊಡದಾಂವ ಖರೆ. ಬೆಂಕಿ ಹಚ್ಚಿದಾಂವ ಅಲ್ಲ."

ನಾನು ನಕ್ಕೆ. "ಆಕಿಗೆ ಮಾರಿ ಗುರ್ತ ಸಿಗೂದಿಲ್ರಿ. ಬೇಕಾದ್ರ ಕೇಳ್ರಿ, ಈಗ ಕುಡ್ಯಾಕ ನೀರು ಕೊಟ್ಟ ಪೊಲೀಸ ಯಾವಾಂವ ಅಂತ."

ಹರೆಯದ ಪೊಲೀಸರಿಬ್ಬರು ಅಲ್ಲೇ ನಿಂತಿದ್ದರು. ಅಜ್ಜಿ ನೀರು ಕೊಡದವನತ್ತ ಕೈ ತೋರಿಸಿದಳು.

"ಅಡ್ಡಿಯಿಲ್ಲಜ್ಜಿ," ಎಂದ ಅವನು, "ನಾಳೆ ಮೊಮ್ಮಗ ಅಂತ ತಿಳಿದು ನನಗ ಉಣ್ಣಾಕ ಹಾಕಿಬಿಡು!"

ಚಾವಡಿಯೆಲ್ಲ ನಕ್ಕಿತು. "ಹುಡುಗರ ಮಾರಿ ನನಗ ಎಲ್ಲಾ ಒಂದ ಕಾಣ್ತಾವ. ನನ್ನ ಸರೀಕರ ಮಾರಿ ಹಂಗೇನೋ?" ಎಂದು ಅವಳು ಕೇಳಿದ್ದು ಆ ನಗೆಯಲ್ಲಿ ಮುಳುಗಿತು. ನನಗೆ ಮಾತ್ರ ಕೇಳಿಸಿತು. ನನ್ನ ಗೆಳೆಯರನ್ನು ದಿನವೂ ಅದಲುಬದಲು ಮಾಡುವ ಅಜ್ಜಿ, ಓರಗೆಯವರಲ್ಲಿ ಒಬ್ಬರ ಗುರುತಿನಲ್ಲೂ ತಪ್ಪಿದವಳಲ್ಲ. ಅದು ಗೊತ್ತಿದ್ದೇ ಆ ಪರೀಕ್ಷೆ ಒಡ್ಡಿದ್ದೆ.

ನಿಮಗೆ ಒಂದು ವರ್ಷ ಸಜೆಯಾಯಿತು. ಸುದ್ದಿ ಬಂದ ದಿನ ಅಜ್ಜಿ ಕೇಳಿದಳು: "ಮಂದ್ಯಾಗ ನನ್ನ ನಗಿಗೇಡು ಮಾಡಿ ನಿನಗ ಏನು ಸಿಕ್ಕಿತೋ?"

ಸಿಕ್ಕಿತ್ತು. ನೀವು ಜೈಲಿನಲ್ಲಿ ಬರಿದಲೆಯಲ್ಲಿ ಕುಳಿತಿದ್ದೀರೆಂದು ನೆನೆದು ನಾನು ಸುಖವಾಗಿ ಉಂಡೆ, ಮಲಗಿದೆ. ಅವಳಿಗೆ ಅದನ್ನು ಹೇಳಲಿಲ್ಲ. ಈಗ ಅವಳಿಲ್ಲ.

ನಾನು ಕಂಡದ್ದೇನೆಂದು ಇನ್ನು ನನ್ನನ್ನು ಕೇಳಬೇಡಿ. ಈಗ ಕಣ್ಣು ಮುಚ್ಚಿದರೆ ಬೇಲಿ ದಾಟುವವನಿಗೆ ನಿಮ್ಮದೇ ಮುಖ—ನಾನೇ ಅಂಟಿಸಿದ್ದು, ಕಿತ್ತರೆ ಬರುವುದಿಲ್ಲ. ಅಜ್ಜಿ ಕಂಡದ್ದೊಂದೇ ನಿಜ.

ನೀವು ಹಂಸಭಾವಿಯಲ್ಲಿ ಮಗಳ ಮನೆಯಲ್ಲಿದ್ದೀರೆಂದು ತಿಳಿಯಿತು. ಸೋಮವಾರ ಬರುತ್ತೇನೆ. ನೀವು ಒಪ್ಪಿದರೆ ಇಬ್ಬರೂ ಮಾಸೂರಿನ ಚಾವಡಿಗೆ ಹೋಗೋಣ. ನಾನು ಸುಳ್ಳು ಹೇಳಿದೆನೆಂದು ಎಲ್ಲರೆದುರು ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೂ ಒಬ್ಬನೇ ಹೋಗಿ ಹೇಳುತ್ತೇನೆ. ಅಪ್ಪನಿಗೆ ಹೊಡೆದದ್ದನ್ನು ಮಾತ್ರ ನಾನು ಕ್ಷಮಿಸಿಲ್ಲ. ಕ್ಷಮಿಸುವ ದಿನಕ್ಕಾಗಿ ಕಾದರೆ ಈ ಮಾತು ಹೇಳುವುದೇ ಆಗಲಿಕ್ಕಿಲ್ಲ—ಕ್ಷಮಿಸದೆಯೇ ಬರುತ್ತೇನೆ.