ಹಗ್ಗ ಹಿಡಿದು ಓಡಿ ಬಂದ ಸರೋಜಕ್ಕ

ಕಳೆದ ಭಾನುವಾರ ಮಧ್ಯಾಹ್ನ ನಮ್ಮ ಟಿವಿ ಕೆಟ್ಟಿತು. ಕೆಟ್ಟಿತು ಅಂತ ನಾನು ತಿಳಿದೆ.

ಸಾಗರದಲ್ಲಿರುವ ತಂಗಿ ಫೋನ್ ಮಾಡಿ, "ಒಂದು ಕಾರ್ಟೂನ್ ಸಿನಿಮಾ ಇದೆ ಕಣೇ, ನೀನು ನೋಡ್ಲೇಬೇಕು" ಎಂದಿದ್ದಳು. ಸರಿ, ಹಾಕಿದೆ. ನಾಯಿ, ಅಳಿಲು, ಕಾಡುಹಂದಿ, ಒಂದು ಬೆಳ್ಳಕ್ಕಿ. ಸುತ್ತ ಮೆಲ್ಲಗೆ ಏರುತ್ತಿರುವ ನೀರು. ಹತ್ತು ನಿಮಿಷವಾದರೂ ಯಾರೂ ಬಾಯಿ ಬಿಡಲಿಲ್ಲ. ಸ್ಪೀಕರ್ ಹೋಗಿರಬೇಕು ಎಂದುಕೊಂಡು ವಾಲ್ಯೂಮ್ ಪೂರ್ತಿ ಏರಿಸಿದೆ. (ಇಡೀ ಸಿನಿಮಾದಲ್ಲಿ ಮಾತೇ ಇಲ್ಲ ಎಂದು ತಂಗಿ ಹೇಳಿರಲಿಲ್ಲ. ಮುಖ್ಯವಾದದ್ದನ್ನು ಅವಳು ಯಾವತ್ತು ಹೇಳಿದ್ದಾಳೆ?)

ಸರಿಯಾಗಿ ಆಗಲೇ ಸಿನಿಮಾದ ನಾಯಿ ನೀರಿಗೆ ಬಿತ್ತು. ಅದರ ಗೋಳಾಟ ಹೊಸನಗರದ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು.

ಮರುಕ್ಷಣ ಹಿತ್ತಿಲ ಬಾಗಿಲಲ್ಲಿ ಪಕ್ಕದ ಮನೆಯ ಸರೋಜಕ್ಕ. ಹೆಗಲ ಮೇಲೆ ಬಾವಿ ಹಗ್ಗ, ಕೈಯಲ್ಲಿ ದೊಡ್ಡ ಬುಟ್ಟಿ.

"ಕರಿಯ ಬಾವಿಗೆ ಬಿದ್ನೇನೇ?"

ಕರಿಯ ನಮ್ಮ ನಾಯಿ. ಸೋಫಾದ ಕೆಳಗೆ ನಿದ್ದೆ ಹೊಡೆಯುತ್ತಿದ್ದ.

ನಿಮಗೊಂದು ವಿಷಯ ಹೇಳಬೇಕು. ಸರೋಜಕ್ಕ ನನ್ನೊಡನೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಕಾವಿಗೆ ಕೂತಿದ್ದ ಅವರ ಕೋಳಿ ಕಾಣೆಯಾದಾಗ, "ಇದು ನಿಮ್ಮ ಕರಿಯಂದೇ ಕೆಲಸ" ಎಂದಿದ್ದರು. "ನಮ್ಮವನು ಅಂಥವನಲ್ಲ, ಕಾಡುಬೆಕ್ಕು ಹೊತ್ಕೊಂಡು ಹೋಗಿರ್ಬೇಕು" ಎಂದು ನಾನು ವಾದ ಮಾಡಿದ್ದೆ. ಅದೇ ಬೆಳಿಗ್ಗೆ ನಮ್ಮ ಮೆಟ್ಟಿಲ ಕೆಳಗಿದ್ದ ಪುಕ್ಕವನ್ನೆಲ್ಲ ಗುಡಿಸಿ ಒಲೆಗೆ ಹಾಕಿದವಳು ನಾನೇ.

ನಮ್ಮ ಕಡೆ ಮಾತು ಬಿಟ್ಟರೂ ಪೂರ್ತಿ ಬಿಡುವುದಿಲ್ಲ. "ಏ ಕರಿಯಾ, ನಿಮ್ಮಮ್ಮಂಗೆ ಹೇಳು, ಗ್ಯಾಸಿನವ್ನು ಬಂದಿದಾನೆ" ಎಂದು ಅವರು ಬೇಲಿಯಾಚೆಯಿಂದ ಕೂಗುತ್ತಿದ್ದರು. ನಾನು ಅವರ ದನದ ಮುಖ ನೋಡಿ, "ನಲ್ಲೀಲಿ ನೀರು ಬಂತು ಕಣೇ ಗೌರಿ" ಎನ್ನುತ್ತಿದ್ದೆ. ಎರಡು ಮನೆಯ ವ್ಯವಹಾರ ಎಂಟು ತಿಂಗಳು ಹೀಗೇ ನಡೆದಿತ್ತು.

ಕರಿಯನನ್ನು ಕಂಡದ್ದೇ ಸರೋಜಕ್ಕ "ಉಸ್ಸಪ್ಪಾ" ಎಂದು ಹೊಸ್ತಿಲ ಹತ್ತಿರವೇ ಕೂತುಬಿಟ್ಟರು. ಕಣ್ಣು ಟಿವಿಯ ಕಡೆ ಹೋಯಿತು. ತೇಲುವ ಮರದ ದಿಮ್ಮಿಯ ಮೇಲಕ್ಕೆ ಆ ನಾಯಿಯನ್ನು ಹಂದಿ ಮೂತಿಯಿಂದ ದೂಡುತ್ತಿತ್ತು.

"ದೂಡು ಮಾರಾಯ, ಇನ್ನೊಂಚೂರು ದೂಡು!"

ತೀರ್ಥಹಳ್ಳಿ ಕಡೆಯ ಹೆಂಗಸು. ಗದ್ದೆಗೆ ನುಗ್ಗುವ ಹಂದಿಯ ಹೆಸರೆತ್ತಿದರೆ ಉರಿದು ಬೀಳುವವರು. ಇವತ್ತು ಹಂದಿಗೇ ಹುರುಪು ತುಂಬುತ್ತಿದ್ದರು!

ನನಗೆ ನಗು ಬರಬೇಕಿತ್ತು. ಬಂದದ್ದು ನಾಚಿಕೆ. ಕೋಳಿ ಕಳೆದುಕೊಂಡವರು, ಅದನ್ನು ತಿಂದವನ ಜೀವ ಉಳಿಸಲು ಹಗ್ಗ ಹೊತ್ತು ಓಡಿ ಬಂದಿದ್ದರು. ಇನ್ನು ತಡೆಯಲಾಗಲಿಲ್ಲ.

"ಸರೋಜಕ್ಕ, ಕೋಳಿ ಹಿಡಿದದ್ದು ಕರಿಯನೇ. ಪುಕ್ಕ ಗುಡಿಸಿ ಸುಟ್ಟವಳು ನಾನು. ತಪ್ಪಾಯ್ತು."

ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಮಾರಾಯ್ತಿ. ನೀ ಗುಡಿಸೋದನ್ನ ಬೇಲಿ ಹತ್ರ ನಿಂತು ನೋಡಿದೀನಿ. ಕೋಳಿ ಹೋದ್ರೆ ಹೋಯ್ತು. ನೀ ಯಾವಾಗ ಬಾಯಿಬಿಟ್ಟು ಹೇಳ್ತೀಯ ಅಂತ ಕಾಯ್ತಿದ್ದೆ. ಈಗ ಆ ಸೌಂಡು ಸ್ವಲ್ಪ ಕಮ್ಮಿ ಮಾಡು, ಕಿವಿ ಹೋಗ್ತದೆ."

ಕಮ್ಮಿ ಮಾಡಿದೆ. ಚಹಾ ಇಟ್ಟೆ. ಸಿನಿಮಾ ಮುಗಿಯುವವರೆಗೆ ಇಬ್ಬರೂ ಜೊತೆಗೆ ಕೂತು ನೋಡಿದೆವು. ಕರಿಯ ಎದ್ದು ಬಂದು ಸರೋಜಕ್ಕನ ಕಾಲ ಬಳಿ ಮಲಗಿದ, ಕಳ್ಳ!

ಮಾತೇ ಬಾರದ ಆ ಪ್ರಾಣಿಗಳು ಒಂದನ್ನೊಂದು ದಡ ಸೇರಿಸಿದವು. ವಾರವಾರ ಈ ಅಂಕಣದಲ್ಲಿ ನಿಮ್ಮ ಮುಂದೆ ಇಷ್ಟೊಂದು ಮಾತಾಡುವ ನನಗೆ, 'ತಪ್ಪಾಯ್ತು' ಎನ್ನಲು ಎಂಟು ತಿಂಗಳು ಯಾಕೆ ಬೇಕಾಯಿತು?